ಪಿಪಿಪಿ ಲಿಂಕ್ ಒಳಗೆ ಇಣುಕೋದು ಹೇಗೆ: ಎಲ್ಲಿ ಕಿವಿ ಇಡ್ತೀರೋ ಅಷ್ಟೇ ಕೇಳ್ಸೋದು

ಈಥರ್ನೆಟ್ ಮೇಲೆ ಟಿಸಿಪಿಡಂಪ್ (ಹೋಗಿ ಬರೋ ಪ್ಯಾಕೆಟ್ ಹಿಡಿದು ತೋರ್ಸೋ ಟೂಲ್) ಓಡಿಸಿ ಅಭ್ಯಾಸ ಆಗಿರೋವ್ರು ಮೊದಲ ಸಲ ಪಿಪಿಪಿ0 (ಪಾಯಿಂಟ್ ಟು ಪಾಯಿಂಟ್ ಪ್ರೋಟೋಕಾಲ್, ಅಂದ್ರೆ ಇಬ್ಬರ ಮಧ್ಯೆ ಮಾತ್ರ ಇರೋ ಲಿಂಕ್‌ನ ಇಂಟರ್‌ಫೇಸ್) ಮೇಲೆ ಓಡ್ಸಿದಾಗ ಸ್ವಲ್ಪ ತಬ್ಬಿಬ್ಬಾಗ್ತಾರೆ. ಮ್ಯಾಕ್ ಅಡ್ರೆಸ್ ಇಲ್ಲ, ಎಆರ್‌ಪಿ (ಐಪಿ ಕೊಟ್ಟು ಮ್ಯಾಕ್ ಕೇಳೋ ಪ್ರಶ್ನೆ) ಇಲ್ಲ, ಲಿಂಕ್ ಎದ್ದಾಗ ಎರಡೂ ಕಡೆಯವ್ರು ಏನೇನೋ ಮಾತಾಡ್ಕೊಂಡಿರ್ತಾರಲ್ಲ ಅದರ ಸುಳಿವೂ ಇಲ್ಲ, ಬರೀ ಐಪಿ ಪ್ಯಾಕೆಟ್ ತಲೆ ಬೋಳಿಸ್ಕೊಂಡು ಬಂದು ನಿಂತಿರುತ್ತೆ. ನಾನೂ ಹೀಗೇ ಎರಡು ದಿನ ಕಳ್ಕೊಂಡಿದ್ದೆ. ಒಂದು ಪಂಪ್‌ಹೌಸ್, ಅಲ್ಲಿಂದ ಟ್ಯಾಂಕ್ ಹತ್ರಕ್ಕೆ ರೇಡಿಯೋ ಮೋಡೆಮ್, ಎರಡೂ ತುದಿಯಲ್ಲಿ ಪುಟ್ಟ ಲಿನಕ್ಸ್ ಬೋರ್ಡ್, ಮಧ್ಯೆ ಸೀರಿಯಲ್ ಮೇಲೆ ಪಿಪಿಪಿ. ಲಿಂಕ್ ಏಳುತ್ತೆ, ಐಪಿ ಬರುತ್ತೆ, ಆದ್ರೆ ಪಿಂಗ್ ಒಂದೂ ವಾಪಸ್ ಬರಲ್ಲ. ಈ ಕಡೆ ಟಿಸಿಪಿಡಂಪ್ ನೋಡಿದ್ರೆ ಪ್ಯಾಕೆಟ್ ಹೋಗಿದೆ, ಆ ಕಡೆ ನೋಡಿದ್ರೆ ಬಂದೇ ಇಲ್ಲ. ಮಧ್ಯದಲ್ಲಿ ಎಲ್ಲಿ ಮಾಯ ಆಯ್ತು? ಅದರ ಉತ್ತರಕ್ಕೆ ಆಮೇಲೆ ಬರ್ತೀನಿ, ಮೊದಲು ಕೆಲಸ ಹೇಗೆ ಮಾಡೋದು ನೋಡೋಣ.

ಒಂದು ಮಾತು, ಕಮಾಂಡ್ ಎಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೀತಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ. ಆಪ್ಷನ್ ದೊಡ್ಡ ಅಕ್ಷರ ಆಗಿದ್ರೆ ಹೇಳ್ತೀನಿ, ಹೇಳ್ದೇ ಇದ್ರೆ ಚಿಕ್ಕದು ಅಂತ ತಿಳ್ಕೊಳ್ಳಿ. ಹೆಕ್ಸ್ ಬೈಟ್‌ಗಳೂ ಹಾಗೇ, 7ಇ ಅಂದ್ರೆ ಏಳು ಮತ್ತು ಇ.

ಪಿಪಿಪಿ ಲಿಂಕ್‌ನಲ್ಲಿ ಒಂದೇ ಪ್ಯಾಕೆಟ್ ಮೂರು ಜಾಗದಲ್ಲಿ ಮೂರು ವೇಷ ಹಾಕಿರುತ್ತೆ, ಇದು ತಲೇಲಿ ಕೂತ್ರೆ ಅರ್ಧ ಕೆಲಸ ಮುಗೀತು. ವೈರ್ ಮೇಲೆ ಹೋಗೋವಾಗ ಬೈಟ್‌ಗಳ ಸಾಲು, ಎರಡು ಪಕ್ಕ 7ಇ ಅನ್ನೋ ಬೇಲಿ, ಒಳಗೆ ಎಸ್ಕೇಪ್ ಆಗಿರೋ (ವೇಷ ಮರೆಸಿ ಕಳ್ಸಿದ) ಅಕ್ಷರಗಳು, ಕೊನೆಗೆ ಎರಡು ಬೈಟ್ ಚೆಕ್‌ಸಮ್, ಅಂದ್ರೆ ಬೈಟ್ ಕೆಟ್ಟಿದೆಯಾ ಅಂತ ನೋಡೋ ಲೆಕ್ಕ. ಕರ್ನಲ್ ಒಳಗೆ ಬಂದ್ಮೇಲೆ ಪಿಪಿಪಿ ಫ್ರೇಮ್, ಅಂದ್ರೆ ಮುಂದೆ ಎರಡು ಬೈಟ್ ಪ್ರೋಟೋಕಾಲ್ ನಂಬರ್, ಅದರ ಹಿಂದೆ ವಿಷಯ. ಆ ನಂಬರ್ ನೋಡಿ ಕರ್ನಲ್ ದಾರಿ ಕವಲು ಒಡೆಸುತ್ತೆ. 0021 ಐಪಿವಿ4, 0057 ಐಪಿವಿ6, ಇವೆರಡೂ ಪಿಪಿಪಿ0 ಇಂಟರ್‌ಫೇಸ್‌ಗೆ ಹೋಗುತ್ತೆ, ಹೋಗೋವಾಗ ಆ ಎರಡು ಬೈಟ್ ಕಿತ್ತು ಹಾಕೇ ಹೋಗುತ್ತೆ. ಸಿ021 ಎಲ್‌ಸಿಪಿ (ಲಿಂಕ್ ಎಬ್ಬಿಸೋ ಮಾತು), ಸಿ023 ಪ್ಯಾಪ್, ಸಿ223 ಚಾಪ್ (ಇವೆರಡೂ ಪಾಸ್‌ವರ್ಡ್ ಪರೀಕ್ಷೆ), 8021 ಐಪಿಸಿಪಿ (ಐಪಿ ಅಡ್ರೆಸ್ ಮಾತು), ಇವೆಲ್ಲ ಮಾತುಕತೆಯ ಫ್ರೇಮ್‌ಗಳು, ಇವು ಪಿಪಿಪಿ0 ಕಡೆ ತಲೆ ಹಾಕೋದೇ ಇಲ್ಲ, ನೇರ ಪಿಪಿಪಿಡಿ ಡೀಮನ್ (ಹಿನ್ನೆಲೆಯಲ್ಲಿ ಕೂತು ಪಿಪಿಪಿ ನಡೆಸೋ ಪ್ರೋಗ್ರಾಂ) ಕೈಗೆ. ಹಾಗಾಗಿ ಪಿಪಿಪಿ0 ಮೇಲೆ ಕೂತು ಎಲ್‌ಸಿಪಿ ಕಾಣ್ತಿಲ್ಲ ಅಂತ ಗೋಳಾಡಿದ್ರೆ ಪ್ರಯೋಜನ ಇಲ್ಲ, ಅದು ಬೇರೆ ಬಾಗಿಲಿಂದ ಒಳಗೆ ಹೋಗಿರುತ್ತೆ.

ಮೊದಲು ಮನೇಲೇ ಒಂದು ಲ್ಯಾಬ್

ಮೋಡೆಮ್ ಬೇಡ, ಕೇಬಲ್ ಬೇಡ, ಒಂದು ಲಿನಕ್ಸ್ ಮಶೀನ್ ಸಾಕು. ಸೋಕ್ಯಾಟ್ (ಎರಡು ಪೋರ್ಟ್ ಒಂದಕ್ಕೊಂದು ಜೋಡಿಸೋ ಟೂಲ್) ಇನ್‌ಸ್ಟಾಲ್ ಮಾಡ್ಕೊಂಡು ಹೀಗೆ ಹೊಡೀರಿ:

ಸೋಕ್ಯಾಟ್ -ಡಿ -ಡಿ ಪಿಟಿವೈ,ರಾ,ಎಕೋ=0 ಪಿಟಿವೈ,ರಾ,ಎಕೋ=0

ಎರಡು ಸುಳ್ಳು ಸೀರಿಯಲ್ ಪೋರ್ಟ್ ಹುಟ್ಕೊಳ್ಳುತ್ತೆ, ಒಂದರಲ್ಲಿ ಹಾಕಿದ್ದು ಇನ್ನೊಂದರಲ್ಲಿ ಬರುತ್ತೆ, ಅವುಗಳ ಹೆಸರನ್ನ ಸ್ಕ್ರೀನ್ ಮೇಲೆ ಹೇಳುತ್ತೆ, /ಡೆವ್/ಪಿಟಿಎಸ್/3 ಮತ್ತು /ಡೆವ್/ಪಿಟಿಎಸ್/4 ಅಂತ ಇಟ್ಕೊಳ್ಳಿ. ಈಗ ಎರಡೂ ತುದಿ ಒಂದೇ ಮಶೀನ್‌ನಲ್ಲಿ ಇದ್ರೆ ಒಂದು ಫಜೀತಿ ಇದೆ. ಆ ಕಡೆ ಐಪಿಗೆ ಪಿಂಗ್ ಮಾಡಿದ್ರೆ ಕರ್ನಲ್ ಇದು ನಂದೇ ಅಡ್ರೆಸ್ ಅಲ್ವಾ ಅಂತ ಲೂಪ್‌ಬ್ಯಾಕ್‌ನಲ್ಲೇ ಮುಗಿಸಿಬಿಡುತ್ತೆ, ಪ್ಯಾಕೆಟ್ ಸೀರಿಯಲ್ ಮುಖಾನೇ ನೋಡಲ್ಲ. ಅದಕ್ಕೆ ಒಂದು ತುದಿಯನ್ನ ಬೇರೆ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ, ಅಂದ್ರೆ ಅದೇ ಮಶೀನ್ ಒಳಗಿನ ಬೇರೆ ನೆಟ್‌ವರ್ಕ್ ಕೋಣೆಗೆ, ತಳ್ಳಬೇಕು. ಐಪಿ ನೆಟ್‌ಎನ್‌ಎಸ್ ಆಡ್ ಆಚೆ ಅಂತ ಒಂದು ಮಾಡ್ಕೊಳ್ಳಿ, ಆಮೇಲೆ ಎರಡು ಟರ್ಮಿನಲ್‌ನಲ್ಲಿ ರೂಟ್ ಆಗಿ:

ಪಿಪಿಪಿಡಿ /ಡೆವ್/ಪಿಟಿಎಸ್/3 ನೋಡಿಟ್ಯಾಚ್ ಲೋಕಲ್ ನೋಆಥ್ ಡೀಬಗ್ 10.0.0.1:10.0.0.2

ಐಪಿ ನೆಟ್‌ಎನ್‌ಎಸ್ ಎಕ್ಸೆಕ್ ಆಚೆ ಪಿಪಿಪಿಡಿ /ಡೆವ್/ಪಿಟಿಎಸ್/4 ನೋಡಿಟ್ಯಾಚ್ ಲೋಕಲ್ ನೋಆಥ್ ಡೀಬಗ್ 10.0.0.2:10.0.0.1

ಲೋಕಲ್ ಅನ್ನೋದು ಮೋಡೆಮ್ ಕಂಟ್ರೋಲ್ ವೈರ್‌ಗಳನ್ನ ನೋಡ್ಬೇಡ ಅಂತ, ಸುಳ್ಳು ಪೋರ್ಟ್‌ನಲ್ಲಿ ಆ ವೈರ್‌ಗಳು ಎಲ್ಲಿಂದ ಬರ್ಬೇಕು. ಲಿಂಕ್ ಎದ್ದ ಮೇಲೆ ಎರಡೂ ಕಡೆ ಪಿಪಿಪಿ0 ಅನ್ನೋ ಹೆಸರೇ ಇರುತ್ತೆ, ನೇಮ್‌ಸ್ಪೇಸ್ ಬೇರೆ ಆಗಿರೋದ್ರಿಂದ ಜಗಳ ಇಲ್ಲ. ಒಂದು ಕಡೆ ನಿಲ್ಸಿದ್ರೆ ಸಾಮಾನ್ಯವಾಗಿ ಸೋಕ್ಯಾಟ್ ಕೂಡ ಜೊತೆಗೇ ಹೊರಟೋಗುತ್ತೆ, ಗಾಬರಿ ಬೇಡ, ಮತ್ತೆ ಓಡ್ಸಿ. ಈ ಲ್ಯಾಬ್ ಒಂದು ಸಲ ಮಾಡಿ ಇಟ್ಕೊಂಡ್ರೆ ಮುಂದೆ ಹೇಳೋದೆಲ್ಲ ಕೂತಲ್ಲೇ ಮಾಡಿ ನೋಡ್ಬೋದು.

ಮೊದಲ ಜಾಗ: ಪಿಪಿಪಿ0 ಮೇಲೆ

ಟಿಸಿಪಿಡಂಪ್ -ಎನ್ -ಐ ಪಿಪಿಪಿ0

ಇಷ್ಟೇ. -ಎನ್ ಮರೀಬೇಡಿ, ಮರೆತ್ರೆ ಪ್ರತಿ ಐಪಿಗೂ ಹೆಸರು ಹುಡುಕೋಕೆ ಡಿಎನ್‌ಎಸ್ ಕೇಳುತ್ತೆ, ಆ ಡಿಎನ್‌ಎಸ್ ಪ್ರಶ್ನೆ ಅದೇ ಬಡಪಾಯಿ ಲಿಂಕ್ ಮೇಲೇ ಹೋಗುತ್ತೆ, ನೀವು ಅದನ್ನೂ ಹಿಡಿದು ಮತ್ತೆ ಹೆಸರು ಹುಡುಕ್ತೀರಾ. 9600 ಬಾಡ್ ಲೈನ್‌ನಲ್ಲಿ ಸೆಕೆಂಡಿಗೆ 960 ಬೈಟ್ ಅಷ್ಟೇ ಹೋಗೋದು, ಒಂದು ಬೈಟ್‌ಗೆ ಸ್ಟಾರ್ಟ್ ಸ್ಟಾಪ್ ಬಿಟ್ ಸೇರಿ 10 ಬಿಟ್ ಆಗುತ್ತಲ್ಲ. 1500 ಬೈಟ್ ಪ್ಯಾಕೆಟ್ ಒಂದಕ್ಕೇ ಒಂದೂವರೆ ಸೆಕೆಂಡ್ ಮೇಲೆ. ಅಂಥಾ ಕಡೆ ಒಂದೊಂದು ಪ್ಯಾಕೆಟ್ಟೂ ಲೆಕ್ಕ. ಇದೇ ಕಾರಣಕ್ಕೆ, ಆ ಲಿಂಕ್ ಮೇಲೇ ಎಸ್‌ಎಸ್‌ಎಚ್ ಮಾಡಿ ಒಳಗೆ ಹೋಗಿ ಟಿಸಿಪಿಡಂಪ್ ಓಡ್ಸೋದಾದ್ರೆ ಕೊನೆಗೆ ನಾಟ್ ಪೋರ್ಟ್ 22 ಅಂತ ಸೇರ್ಸಿ, ಇಲ್ಲಾಂದ್ರೆ ಒಂದು ಸಾಲು ಪ್ರಿಂಟ್ ಆದ್ರೆ ಆ ಸಾಲು ನಿಮ್ಮ ಸ್ಕ್ರೀನ್‌ಗೆ ಬರೋಕೆ ಒಂದು ಪ್ಯಾಕೆಟ್, ಆ ಪ್ಯಾಕೆಟ್‌ಗೆ ಇನ್ನೊಂದು ಸಾಲು, ಎದುರುಬದುರು ಕನ್ನಡಿ ಇಟ್ಟ ಹಾಗೆ ಮುಗಿಯೋದೇ ಇಲ್ಲ. ನಾನು ಮಾಡಿದೀನಿ, ಕೊನೆಗೆ ಬೋರ್ಡ್ ಪವರ್ ತೆಗೆಸಬೇಕಾಯ್ತು, ಅಲ್ಲಿದ್ದ ಪಂಪ್ ಆಪರೇಟರ್‌ಗೆ ಫೋನ್ ಮಾಡಿ.

ಶುರು ಆದಾಗ ಟಿಸಿಪಿಡಂಪ್ ಒಂದು ಸಾಲು ಹೇಳುತ್ತೆ, ಲಿಂಕ್ ಟೈಪ್ ಲಿನಕ್ಸ್ ಎಸ್‌ಎಲ್‌ಎಲ್ ಅಂತ, ಪಕ್ಕದಲ್ಲಿ ಲಿನಕ್ಸ್ ಕುಕ್ಡ್ ಅಂತಾನೂ ಇರುತ್ತೆ. ಬೇಯಿಸಿದ್ದು! ರಾ ಪ್ಯಾಕೆಟ್ ಕೇಳಿದ್ರೆ ಬೇಯಿಸಿ ಕೊಡ್ತಿದೆ. ಯಾಕಂದ್ರೆ ಲಿನಕ್ಸ್‌ನಲ್ಲಿ ಪಿಪಿಪಿ ಅನ್ನೋ ಒಂದೇ ಟೈಪ್ ನಂಬರ್, 512, ಅದನ್ನ ಇಟ್ಕೊಂಡು ಬೇರೆ ಬೇರೆ ಡ್ರೈವರ್‌ಗಳು ಬೇರೆ ಬೇರೆ ಥರ ನಡ್ಕೊಂಡಿವೆ, ಕೆಲವು ಹೆಡರ್ ಕೊಡಲ್ಲ, ಕೆಲವು ಕೊಡ್ತವೆ, ಐಎಸ್‌ಡಿಎನ್ ಕಾಲದವು ಇನ್ನೇನೋ ಕೊಡ್ತಿದ್ವು. ಲಿಬ್‌ಪಿಕ್ಯಾಪ್ (ಟಿಸಿಪಿಡಂಪ್‌ಗೆ ಪ್ಯಾಕೆಟ್ ಹಿಡಿದು ಕೊಡೋ ಲೈಬ್ರರಿ) ಬರೆದವ್ರು ಈ ತಲೆನೋವೇ ಬೇಡ ಅಂತ ಪಿಪಿಪಿ ಕಂಡ್ರೆ ಲಿಂಕ್ ಹೆಡರ್ ಬಿಟ್ಟು ತಮ್ಮದೇ 16 ಬೈಟ್ ಹೆಡರ್ ಅಂಟಿಸೋ ಹಾಗೆ ಮಾಡಿಟ್ಟಿದಾರೆ. ನನಗೇನೋ ಅದು ಸರಿ ಅನ್ಸುತ್ತೆ, ಸುಳ್ಳು ಹೆಡರ್ ಊಹೆ ಮಾಡಿ ತಪ್ಪು ಓದೋದಕ್ಕಿಂತ ಇದು ವಾಸಿ.

ಆ 16 ಬೈಟ್ ಹತ್ರದಿಂದ ನೋಡೋಣ. -ಎಕ್ಸ್‌ಎಕ್ಸ್, ಎರಡೂ ದೊಡ್ಡ ಎಕ್ಸ್, ಹಾಕಿ ಒಂದು ಪಿಂಗ್ ಮಾಡಿ. ಹೊರಗೆ ಹೋಗೋ ಪ್ಯಾಕೆಟ್ ಹೀಗೆ ಶುರು ಆಗುತ್ತೆ:

0004 0200 0000 0000 0000 0000 0000 0800 4500

0004 ಅಂದ್ರೆ ನಾವು ಕಳ್ಸಿದ್ದು. ನಮಗೆ ಬಂದಿದ್ದಾದ್ರೆ ಅಲ್ಲಿ 0000. ಮುಂದಿನ 0200 ಅಂದ್ರೆ ಅದೇ 512, ಪಿಪಿಪಿ. ಆಮೇಲೆ ಅಡ್ರೆಸ್ ಉದ್ದ ಸೊನ್ನೆ, ಅಡ್ರೆಸ್‌ಗೆ ಇಟ್ಟಿರೋ 8 ಬೈಟ್ ಖಾಲಿ, ಪಾಯಿಂಟ್ ಟು ಪಾಯಿಂಟ್ ಲಿಂಕ್‌ನಲ್ಲಿ ಇರೋದೇ ಇಬ್ರು, ಯಾರಿಗೆ ಅಂತ ಬರೆಯೋ ಅಗತ್ಯ ಏನಿದೆ. ಕೊನೆಗೆ 0800, ಐಪಿವಿ4. 45 ಇಂದ ನಿಜವಾದ ಪ್ಯಾಕೆಟ್. ಈ 0800 ನೋಡಿ ಪಿಪಿಪಿ ಪ್ರೋಟೋಕಾಲ್ ನಂಬರ್ ಅನ್ಕೋಬೇಡಿ, ವೈರ್ ಮೇಲೆ ಹೋಗೋದು 0021, ಇದು ಕರ್ನಲ್ ತನ್ನ ಒಳಲೆಕ್ಕಕ್ಕೆ ಇಟ್ಕೊಂಡಿರೋ ಈಥರ್ ಟೈಪ್.

ಇದರಿಂದ ಫಿಲ್ಟರ್ ಬರೆಯೋವಾಗ ಒಂದು ಎಚ್ಚರ. ಈಥರ್ ಹೋಸ್ಟ್, ಎಆರ್‌ಪಿ ಅಂತೆಲ್ಲ ಬರೆದ್ರೆ ಎರರ್ ಬರುತ್ತೆ ಇಲ್ಲ ಏನೂ ಸಿಗಲ್ಲ. ಬ್ರಾಕೆಟ್‌ನಲ್ಲಿ ಬೈಟ್ ಎಣಿಸಿ ಬರೆಯೋದಾದ್ರೆ ಈಥರ್ ಇಂದ ಎಣಿಸ್ಬೇಡಿ, ಐಪಿ ಅಥವಾ ಟಿಸಿಪಿ ಇಂದ ಎಣ್ಸಿ, ಐಪಿ[8] ಅಂದ್ರೆ ಯಾವ ಲಿಂಕ್ ಆದ್ರೂ ಟಿಟಿಎಲ್ಲೇ. ದಿಕ್ಕು ಬೇಕಂದ್ರೆ ಇನ್‌ಬೌಂಡ್ ಔಟ್‌ಬೌಂಡ್ ಅನ್ನೋ ಪದ ಫಿಲ್ಟರ್‌ನಲ್ಲೇ ನಡೆಯುತ್ತೆ, ಇಲ್ಲಾಂದ್ರೆ ದೊಡ್ಡ -ಕ್ಯೂ ಆಪ್ಷನ್‌ಗೆ ಇನ್ ಅಥವಾ ಔಟ್ ಕೊಡಿ.

ಇನ್ನೊಂದು ಕಾಟ, ಲಿಂಕ್ ಬಿದ್ರೆ ಟಿಸಿಪಿಡಂಪ್ ಕೂಡ ಬಿದ್ದೋಗುತ್ತೆ, ಲಿಂಕ್ ಏಳೋಕೆ ಮೊದಲು ಹಾಕಿದ್ರೆ ಅಂಥ ಡಿವೈಸ್ ಇಲ್ಲ ಅಂತ ಬಯ್ಯುತ್ತೆ. ರಾತ್ರಿಯಿಡೀ ಬಿದ್ದು ಎದ್ದು ಮಾಡೋ ಲಿಂಕ್ ಆದ್ರೆ -ಐ ಎನಿ ಹಾಕಿ ಫಿಲ್ಟರ್‌ನಲ್ಲಿ ಆ ಕಡೆ ಐಪಿ ಕೊಟ್ಬಿಡಿ, 4.99 ಆದಮೇಲಿನ ಟಿಸಿಪಿಡಂಪ್ ಯಾವ ಇಂಟರ್‌ಫೇಸ್ ಅಂತಾನೂ ಸಾಲಲ್ಲೇ ತೋರ್ಸುತ್ತೆ. ಇಲ್ಲಾಂದ್ರೆ /ಇಟಿಸಿ/ಪಿಪಿಪಿ/ಐಪಿ-ಅಪ್ ಸ್ಕ್ರಿಪ್ಟ್‌ನಲ್ಲಿ ಹಾಕಿ, ಅದಕ್ಕೆ ಮೊದಲ ಆರ್ಗ್ಯುಮೆಂಟ್ ಆಗಿ ಇಂಟರ್‌ಫೇಸ್ ಹೆಸರು ಬಂದೇ ಬರುತ್ತೆ.

ನೀವೇ ಪ್ರೋಗ್ರಾಂ ಬರೆಯೋದಾದ್ರೆ

ಲಿನಕ್ಸ್‌ನಲ್ಲಿ ಎಎಫ್ ಪ್ಯಾಕೆಟ್ ಸಾಕೆಟ್, ಇಂಟರ್‌ಫೇಸ್ ಮೇಲಿನ ಪ್ಯಾಕೆಟ್ ಪ್ರೋಗ್ರಾಂಗೆ ನೇರ ಸಿಗೋ ಬಾಗಿಲು. ಸಿ ಆಗ್ಲಿ ಪೈಥಾನ್ ಆಗ್ಲಿ ಒಂದೇ. ಟೈಪ್‌ಗೆ ಸಾಕ್ ರಾ, ಸಾಕ್ ಡಿಗ್ರಾಂ ಅಂತ ಎರಡಿದೆ, ಈಥರ್ನೆಟ್‌ನಲ್ಲಿ ರಾ ಅಂದ್ರೆ 14 ಬೈಟ್ ಹೆಡರ್ ಸಮೇತ, ಡಿಗ್ರಾಂ ಅಂದ್ರೆ ಅದು ತೆಗೆದು. ಪಿಪಿಪಿಯಲ್ಲಿ ಹೆಡರ್ರೇ ಕೊಡಲ್ಲವಲ್ಲ, ಓದೋವಾಗ ಎರಡೂ ಒಂದೇ ಥರ ಕಾಣುತ್ತೆ, ಮೊದಲ ಬೈಟೇ 45. ನಾನು ಡಿಗ್ರಾಂ ಹಾಕೋದು, ಅದೇ ಕೋಡ್ ನಾಳೆ ಈಥರ್ನೆಟ್ ಮೇಲೆ ಓಡಿಸಿದ್ರೂ ಐಪಿಯಿಂದಾನೇ ಶುರು ಆಗುತ್ತೆ ಅಂತ.

ಇಲ್ಲಿ ಎರಡು ಗುಂಡಿ ಇದೆ, ಬಿದ್ದೋರೆಷ್ಟೋ. ಒಂದು, ಸಾಕೆಟ್ ತೆರೆಯೋವಾಗ ಪ್ರೋಟೋಕಾಲ್ ಜಾಗಕ್ಕೆ ಇಟಿಎಚ್ ಪಿ ಐಪಿ, ಅಂದ್ರೆ 0800, ಕೊಟ್ರೆ ಬರೋ ಪ್ಯಾಕೆಟ್ ಮಾತ್ರ ಕಾಣುತ್ತೆ, ನೀವು ಕಳ್ಸೋದು ಕಾಣಲ್ಲ. ಎರಡೂ ದಿಕ್ಕು ಬೇಕಂದ್ರೆ ಇಟಿಎಚ್ ಪಿ ಆಲ್, ಅಂದ್ರೆ 3, ಕೊಡ್ಬೇಕು, ಬೈಟ್ ಆರ್ಡರ್ ತಿರುಗಿಸಿ. ಎರಡನೇದು ಉಲ್ಟಾ. ಆಲ್ ಅಂತ ತೆರೆದ ಅದೇ ಸಾಕೆಟ್‌ನಿಂದ ಪ್ಯಾಕೆಟ್ ಕಳ್ಸೋಕೆ ಹೋದ್ರೆ ಸೆಂಡ್ ಸಕ್ಸಸ್ ಅನ್ನುತ್ತೆ, ಆ ಕಡೆಗೆ ಮಾತ್ರ ಏನೂ ಹೋಗಿರಲ್ಲ. ಪಿಪಿಪಿ ಡ್ರೈವರ್ ಪ್ಯಾಕೆಟ್ ಜೊತೆ ಬರೋ ಈಥರ್ ಟೈಪ್ ನೋಡೇ 0021 ಹಾಕ್ಲಾ 0057 ಹಾಕ್ಲಾ ಅಂತ ತೀರ್ಮಾನ ಮಾಡೋದು, ಅದು ಗೊತ್ತಿಲ್ಲದ ನಂಬರ್ ಆದ್ರೆ ಮೂಲೆಗೆ ಎಸೆದು ಡ್ರಾಪ್ ಕೌಂಟರ್ ಒಂದು ಏರಿಸಿ ಸುಮ್ನಾಗುತ್ತೆ. ಹಾಗಾಗಿ ಸೆಂಡ್‌ಟು ಮಾಡೋವಾಗ ಅಡ್ರೆಸ್ ಸ್ಟ್ರಕ್ಚರ್‌ನಲ್ಲಿ ಎಸ್‌ಎಲ್‌ಎಲ್ ಪ್ರೋಟೋಕಾಲ್‌ಗೆ 0800 ಅಂತ ನೀವೇ ತುಂಬ್ಸಿ. ಅನುಮಾನ ಬಂದ್ರೆ ಐಪಿ -ಎಸ್ ಲಿಂಕ್ ಶೋ ಪಿಪಿಪಿ0 ಹೊಡೆದು ಡ್ರಾಪ್ಡ್ ಕಾಲಂ ನೋಡಿ, ನೀವು ಕಳ್ಸಿದಷ್ಟು ಸಲ ಅದು ಏರಿರುತ್ತೆ.

ಈ ದಾರಿಯಲ್ಲಿ ಐಪಿ ಹೆಡರ್ ಚೆಕ್‌ಸಮ್ ಎಲ್ಲ ನಿಮ್ಮದೇ ಜವಾಬ್ದಾರಿ. ಅಷ್ಟು ತಾಪತ್ರಯ ಬೇಡ, ಬರೀ ಒಂದು ಐಪಿ ಪ್ಯಾಕೆಟ್ ಕೈಯಾರೆ ಕಟ್ಟಿ ಕಳ್ಸಬೇಕು ಅಷ್ಟೇ ಅನ್ನೋರು ಐಪಿಪ್ರೋಟೋ ರಾ ಸಾಕೆಟ್ ತೆರೆದು ಎಸ್‌ಒ ಬೈಂಡ್ ಟು ಡಿವೈಸ್‌ನಿಂದ ಪಿಪಿಪಿ0ಗೆ ಕಟ್ಟಾಕಿ, ಅಲ್ಲಿ ಉದ್ದ ಮತ್ತು ಐಪಿ ಚೆಕ್‌ಸಮ್ ಕರ್ನಲ್ಲೇ ತುಂಬುತ್ತೆ. ಎರಡಕ್ಕೂ ಕ್ಯಾಪ್ ನೆಟ್ ರಾ ಅನ್ನೋ ಅನುಮತಿ ಬೇಕು, ಪೂರ್ತಿ ರೂಟ್ ಕೊಡೋದಕ್ಕಿಂತ ಸೆಟ್‌ಕ್ಯಾಪ್ ಮಾಡಿ ಅದೊಂದೇ ಕೊಡೋದು ಒಳ್ಳೇದು.

ಬಿಎಸ್‌ಡಿ (ಯುನಿಕ್ಸ್‌ನ ಇನ್ನೊಂದು ವಂಶ) ಕಡೆಯವ್ರಿಗೆ ಕಥೆ ಬೇರೆ. ಅಲ್ಲಿ /ಡೆವ್/ಬಿಪಿಎಫ್ ಅನ್ನೋ ಡಿವೈಸ್ ತೆರೀತೀರಾ, ಲಾರೆನ್ಸ್ ಬರ್ಕ್‌ಲಿ ಲ್ಯಾಬ್‌ನ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್ಸನ್ 1993ರಲ್ಲಿ ಪೇಪರ್ ಬರೆದು ತೋರಿಸಿದ್ದು ಇದನ್ನೇ, ಟಿಸಿಪಿಡಂಪ್ ಕೂಡ ಅದೇ ಮನೆಯ ಕೂಸು. ಬಿಐಒಸಿ ಸೆಟ್‌ಐಎಫ್ ಅನ್ನೋ ಐಒಸಿಟಿಎಲ್‌ನಿಂದ ಇಂಟರ್‌ಫೇಸ್‌ಗೆ ಕಟ್ಟಿದ ಮೇಲೆ ತಪ್ಪದೇ ಬಿಐಒಸಿ ಜಿಡಿಎಲ್‌ಟಿ ಕೇಳಿ, ಹೆಡರ್ ಯಾವ ಥರ ಅಂತ ಹೇಳುತ್ತೆ. ಫ್ರೀಬಿಎಸ್‌ಡಿಯ ಯೂಸರ್‌ಲ್ಯಾಂಡ್ ಪಿಪಿಪಿ ಟನ್0 ಮೇಲೆ ಕೂತಿರುತ್ತೆ, ಅಲ್ಲಿ ಸಿಗೋದು ಡಿಎಲ್‌ಟಿ ನಲ್, ಮುಂದೆ 4 ಬೈಟ್ ಅಡ್ರೆಸ್ ಫ್ಯಾಮಿಲಿ, ಅದೂ ಆ ಮಶೀನ್‌ನ ಬೈಟ್ ಆರ್ಡರ್‌ನಲ್ಲಿ, ಇಂಟೆಲ್ ಮಶೀನ್ ಆದ್ರೆ 02 00 00 00 ಅಂತ ಕಾಣುತ್ತೆ. ಐಪಿವಿ6 ಆದ್ರೆ ಫ್ರೀಬಿಎಸ್‌ಡಿಯಲ್ಲಿ 28, ಓಪನ್‌ಬಿಎಸ್‌ಡಿಯಲ್ಲಿ 24, ಮ್ಯಾಕ್‌ನಲ್ಲಿ 30, ಒಬ್ಬೊಬ್ರದ್ದು ಒಂದೊಂದು. ಇನ್ನು ರೀಡ್ ಮಾಡೋವಾಗ ಬಫರ್ ಸೈಜ್ ಬಿಐಒಸಿ ಜಿಬಿಲೆನ್ ಹೇಳಿದಷ್ಟೇ ಇರ್ಬೇಕು, ಒಂದು ಬೈಟ್ ಹೆಚ್ಚು ಕಮ್ಮಿ ಆದ್ರೂ ಎರರ್. ಒಂದೇ ರೀಡ್‌ನಲ್ಲಿ ಹತ್ತಾರು ಪ್ಯಾಕೆಟ್ ಒಟ್ಟಿಗೆ ಬರ್ಬೋದು, ಒಂದೊಂದಕ್ಕೂ ಚಿಕ್ಕ ಹೆಡರ್ ಇರುತ್ತೆ, ಮುಂದಿನದಕ್ಕೆ ಹೋಗೋವಾಗ ಬಿಪಿಎಫ್ ವರ್ಡ್ ಅಲೈನ್ ಮಾಡ್ಕೊಂಡು ಹೋಗ್ಬೇಕು. ಬೇಗ ಬೇಗ ಕಾಣ್ಬೇಕಂದ್ರೆ ಬಿಐಒಸಿ ಇಮ್ಮೀಡಿಯೇಟ್ ಹಾಕಿ, ಇಲ್ಲಾಂದ್ರೆ ಬಫರ್ ತುಂಬೋವರೆಗೂ ಕಾಯ್ತಾ ಕೂರುತ್ತೆ.

ಎರಡನೇ ಜಾಗ: ಮಾತುಕತೆ ಕೇಳಿಸ್ಕೊಳ್ಳೋದು

ಎಲ್‌ಸಿಪಿ, ಪ್ಯಾಪ್, ಐಪಿಸಿಪಿ ಬೇಕಂದ್ರೆ ಪಿಪಿಪಿಡಿಗೆ ಡೀಬಗ್ ಆಪ್ಷನ್ ಸಾಕು, ಲ್ಯಾಬ್‌ನಲ್ಲಿ ಹಾಕಿದ್ವಲ್ಲ ಅದೇ. ಸೆಂಟ್, ರಿಸೀವ್ಡ್ ಅಂತ ಪ್ರತಿ ಫ್ರೇಮ್ ಬಿಡಿಸಿ ಬರೆಯುತ್ತೆ. ಅಲ್ಲಿ ಅಸಿಂಕ್‌ಮ್ಯಾಪ್ (ಯಾವ ಕಂಟ್ರೋಲ್ ಅಕ್ಷರ ಎಸ್ಕೇಪ್ ಮಾಡ್ಬೇಕು ಅನ್ನೋ ಪಟ್ಟಿ) ಎಷ್ಟು, ಪಿಕಾಂಪ್ ಎಸಿಕಾಂಪ್ (ಫ್ರೇಮ್ ಹೆಡರ್ ಮೊಟಕು ಮಾಡೋದು) ಒಪ್ಕೊಂಡ್ರಾ, ವಿಜೆ ಕಂಪ್ರೆಶನ್ ಇದೆಯಾ ಅಂತ ಒಂದು ಸಲ ನೋಡಿ ಬರೆದಿಟ್ಕೊಳ್ಳಿ, ವೈರ್ ಮೇಲಿನ ಬೈಟ್ ಓದೋಕೆ ಕೂತಾಗ ಇವೆಲ್ಲ ಬೇಕಾಗುತ್ತೆ. ವಿಜೆ ಅಂದ್ರೆ ಅದೇ ವ್ಯಾನ್ ಜೇಕಬ್ಸನ್ ಹೆಸರು, 40 ಬೈಟ್ ಟಿಸಿಪಿ ಐಪಿ ಹೆಡರ್ ಅನ್ನ 3 ರಿಂದ 5 ಬೈಟ್‌ಗೆ ಇಳಿಸೋ ಉಪಾಯ, 1990ರ ಆರ್‌ಎಫ್‌ಸಿ 1144. ಅದು ಆನ್ ಇದ್ರೆ ಪಿಪಿಪಿ0 ಮೇಲೆ ಪೂರ್ತಿ ಹೆಡರ್ ಕಾಣುತ್ತೆ, ವೈರ್ ಮೇಲೆ ಮಾತ್ರ ಚಟ್ನಿ ಆಗಿರುತ್ತೆ, ಪ್ರೋಟೋಕಾಲ್ ನಂಬರ್ ಕೂಡ 0021 ಅಲ್ಲ, 002ಡಿ. ಬೈಟ್ ಹೋಲಿಕೆ ಮಾಡೋ ದಿನ ನೋವಿಜೆ ನೋಸಿಸಿಪಿ ನೋಪಿಕಾಂಪ್ ನೋಎಸಿಕಾಂಪ್ ಎಲ್ಲ ಹಾಕಿ ಓಡ್ಸಿದ್ರೆ ಕಣ್ಣಿಗೆ ಸುಖ.

ಮೂರನೇ ಜಾಗ: ವೈರ್ ಮೇಲೆ

ಪಂಪ್‌ಹೌಸ್ ಕಥೆ ಬಗೆಹರಿದಿದ್ದು ಇಲ್ಲಿ. ಪಿಪಿಪಿಡಿಗೆ ರೆಕಾರ್ಡ್ ಅಂತ ಒಂದು ಆಪ್ಷನ್ ಇದೆ, ಹಿಂದೆ ಫೈಲ್ ಹೆಸರು ಕೊಟ್ರೆ ಸೀರಿಯಲ್ ಪೋರ್ಟ್‌ಗೆ ಹೋಗಿದ್ದು ಬಂದಿದ್ದು ಒಂದೊಂದು ಬೈಟ್ ಕೂಡ ಸಮಯ ಸಮೇತ ಬರೆದಿಡುತ್ತೆ. ಮಧ್ಯೆ ಒಂದು ಸುಳ್ಳು ಟರ್ಮಿನಲ್ ಇಟ್ಟು ಸಾಗಿಸೋದ್ರಿಂದ ಸ್ವಲ್ಪ ನಿಧಾನ ಆಗುತ್ತೆ, ಚಿಕ್ಕ ಬೋರ್ಡ್‌ಗೆ ಅದೂ ಭಾರಾನೇ, ಅದಕ್ಕೆ ಖಾಯಂ ಆಗಿ ಬಿಡ್ಬೇಡಿ. ಫೈಲ್ ಓದೋಕೆ ಪಿಪಿಪಿಡಂಪ್, -ಎಚ್ ಕೊಟ್ರೆ ಬೈಟ್ ಬೈಟಾಗಿ, -ಪಿ ಕೊಟ್ರೆ ಎಸ್ಕೇಪ್ ಬಿಡಿಸಿ ಪ್ಯಾಕೆಟ್ ಆಗಿ ಜೋಡಿಸಿ, ಚೆಕ್‌ಸಮ್ ಕೆಟ್ಟಿದ್ರೆ ಅದನ್ನೂ ಹೇಳುತ್ತೆ. ವೈರ್‌ಶಾರ್ಕ್‌ಗೆ ಕೊಟ್ರೂ ಆ ಫೈಲ್ ನೇರ ತೆಗೆಯುತ್ತೆ.

ಲಿಂಕ್ ಏಳೋವಾಗಿನ ಮೊದಲ ಫ್ರೇಮ್ ಕೈಯಲ್ಲೇ ಬಿಡಿಸಿ ನೋಡಿ ಒಂದು ಸಲ, ಆಮೇಲೆ ಭಯ ಹೋಗುತ್ತೆ:

7ಇ ಎಫ್‌ಎಫ್ 7ಡಿ 23 ಸಿ0 21 7ಡಿ 21 7ಡಿ 21 7ಡಿ 20 7ಡಿ 34 7ಡಿ 22 7ಡಿ 26 ...

7ಇ ಬೇಲಿ. ಎಫ್‌ಎಫ್ ಅಡ್ರೆಸ್, ಎಲ್ಲರಿಗೂ ಅಂತ. 7ಡಿ ಅಂದ್ರೆ ಮುಂದಿನ ಬೈಟ್ ವೇಷ ಮರೆಸ್ಕೊಂಡಿದೆ, ಹೆಕ್ಸ್ 20 ಜೊತೆ ಎಕ್ಸ್‌ಒಆರ್ (ಆ ಬಿಟ್ ತಿರುಗಿಸೋದು) ಮಾಡಿದ್ರೆ ನಿಜ ಮುಖ. 23 ಹಾಗೆ ಮಾಡಿದ್ರೆ 03, ಕಂಟ್ರೋಲ್ ಬೈಟ್. ಸಿ021 ಎಲ್‌ಸಿಪಿ. ಆಮೇಲೆ 01 ಅಂದ್ರೆ ಕಾನ್ಫಿಗರ್ ರಿಕ್ವೆಸ್ಟ್, ಇನ್ನೊಂದು 01 ಐಡಿ, 00 14 ಉದ್ದ 20 ಬೈಟ್, 02 06 ಅಂದ್ರೆ 6 ಬೈಟ್ ಉದ್ದದ ಅಸಿಂಕ್‌ಮ್ಯಾಪ್ ಆಪ್ಷನ್. ಹಳೇ ಕಾಲದಲ್ಲಿ ಡಯಲ್‌ಅಪ್ ಮಾಡಿ ಮಿನಿಕಾಂ ಅನ್ನೋ ಟರ್ಮಿನಲ್ ಪ್ರೋಗ್ರಾಂನಲ್ಲಿ ಲಾಗಿನ್ ಆದ ತಕ್ಷಣ ಸ್ಕ್ರೀನ್ ತುಂಬ ಅಲೆ ಗೆರೆ, ಮುಚ್ಚೋ ಆವರಣ, ಹ್ಯಾಶ್, ಆಶ್ಚರ್ಯಸೂಚಕ ಎಲ್ಲ ಕಲಸಿ ಬರ್ತಿತ್ತಲ್ಲ, ಅದು ಕಸ ಅಲ್ಲ, ಇದೇ ಫ್ರೇಮ್. 7ಇ ಅಲೆ ಗೆರೆ, 7ಡಿ ಮುಚ್ಚೋ ಆವರಣ, 23 ಹ್ಯಾಶ್, 21 ಆಶ್ಚರ್ಯಸೂಚಕ.

ನಮ್ಮ ಕಥೆಗೆ ಬರೋಣ. ಎರಡೂ ತುದಿಯಲ್ಲಿ ರೆಕಾರ್ಡ್ ಹಾಕಿ, ಪಿಂಗ್ ಬಿಟ್ಟು, ಎರಡೂ ಫೈಲ್ ತಂದು ಪಕ್ಕಪಕ್ಕ ಇಟ್ಟೆ. ಲಿನಕ್ಸ್ ಪಿಂಗ್ ತನ್ನ 56 ಬೈಟ್‌ನಲ್ಲಿ ಮೊದಲ 16ಕ್ಕೆ ಸಮಯ ತುಂಬಿ ಉಳಿದಿದ್ದಕ್ಕೆ 10, 11, 12 ಅಂತ ಸಾಲಾಗಿ 37ರವರೆಗೆ ತುಂಬುತ್ತೆ, ಹೆಕ್ಸ್‌ನಲ್ಲಿ. ಕಳ್ಸಿದ ಫೈಲ್‌ನಲ್ಲಿ

10 11 12 13 14 15

ಬಂದ ಫೈಲ್‌ನಲ್ಲಿ

10 12 14 15

11 ಇಲ್ಲ, 13 ಇಲ್ಲ. ಎಕ್ಸ್‌ಆನ್, ಎಕ್ಸ್‌ಆಫ್, ಅಂದ್ರೆ ಕಳ್ಸು, ನಿಲ್ಸು ಅನ್ನೋ ಸನ್ನೆ ಬೈಟ್‌ಗಳು! ರೇಡಿಯೋ ಮೋಡೆಮ್‌ನಲ್ಲಿ ಸಾಫ್ಟ್‌ವೇರ್ ಫ್ಲೋ ಕಂಟ್ರೋಲ್ ಆನ್ ಆಗಿತ್ತು, ಅದು ಆ ಎರಡು ಬೈಟ್ ಕಂಡಾಗೆಲ್ಲ ಇದು ನನಗೆ ಹೇಳಿದ್ದು ಅಂತ ನುಂಗಿಬಿಡ್ತಿತ್ತು. ಬೈಟ್ ಹೋದ್ರೆ ಚೆಕ್‌ಸಮ್ ಕೂಡಲ್ಲ, ಚೆಕ್‌ಸಮ್ ಕೂಡದೇ ಇದ್ರೆ ಕರ್ನಲ್ ಆ ಫ್ರೇಮನ್ನ ಪಿಪಿಪಿ0 ತನಕ ಬಿಡೋದೇ ಇಲ್ಲ, ಬಾಗಿಲಲ್ಲೇ ಎಸೆದು ಆರ್‌ಎಕ್ಸ್ ಎರರ್ ಕೌಂಟರ್ ಏರಿಸುತ್ತೆ ಅಷ್ಟೇ. ಎರಡು ದಿನ ನಾನು ಟಿಸಿಪಿಡಂಪ್ ದಿಟ್ಟಿಸಿ ನೋಡ್ತಾ ಕೂತಿದ್ದೆ, ಐಪಿ -ಎಸ್ ಲಿಂಕ್ ಅನ್ನೋ ಒಂದು ಕಮಾಂಡ್ ಹೊಡೆದಿದ್ರೆ ಆ ಎರರ್ ನಂಬರ್ ಕಣ್ಣಿಗೆ ರಾಚ್ತಿತ್ತು. ಮತ್ತೆ ಲಿಂಕ್ ಹೇಗೆ ಎದ್ದಿತು ಅಂತೀರಾ? ಎಲ್‌ಸಿಪಿ ಕಾನ್ಫಿಗರ್ ಫ್ರೇಮ್‌ಗಳಲ್ಲಿ ಹೆಕ್ಸ್ 20ಕ್ಕಿಂತ ಕೆಳಗಿನ ಕಂಟ್ರೋಲ್ ಅಕ್ಷರ ಎಲ್ಲಾ ಕಡ್ಡಾಯವಾಗಿ ಎಸ್ಕೇಪ್ ಆಗೇ ಹೋಗುತ್ತೆ, ಮೇಲಿನ ಸಾಲಲ್ಲಿ ನೋಡಿದ್ರಲ್ಲ, 03 ಕೂಡ ಎಸ್ಕೇಪ್ ಆಗಿತ್ತು. ಮಾತುಕತೆ ಮುಗಿದು ಅಸಿಂಕ್‌ಮ್ಯಾಪ್ ಸೊನ್ನೆ ಅಂತ ಇಬ್ರೂ ಒಪ್ಕೊಂಡ ಮೇಲೆ ರಕ್ಷಣೆ ಹೋಯ್ತು. ಪರೀಕ್ಷೆ ಮಾಡೋಕೆ ಪಿಂಗ್ -ಪಿ ಎಫ್‌ಎಫ್ ಅಂತ ಹಾಕ್ದೆ, ತುಂಬೋದೆಲ್ಲ ಎಫ್‌ಎಫ್, ಆಗ ಬಹಳಷ್ಟು ವಾಪಸ್ ಬಂತು.

ಪರಿಹಾರ ಒಂದು ಸಾಲು, ಎರಡೂ ಕಡೆ ಪಿಪಿಪಿಡಿಗೆ ಅಸಿಂಕ್‌ಮ್ಯಾಪ್ ಎ0000. ಇದು 32 ಬಿಟ್‌ನ ಪಟ್ಟಿ, ಒಂದೊಂದು ಬಿಟ್ ಒಂದೊಂದು ಕಂಟ್ರೋಲ್ ಅಕ್ಷರಕ್ಕೆ, ಎ0000 ಅಂದ್ರೆ 17 ಮತ್ತು 19ನೇ ಬಿಟ್, ಹೆಕ್ಸ್‌ನಲ್ಲಿ 11 ಮತ್ತು 13. ಈ ಆಪ್ಷನ್ ಹೇಳೋದು ನನಗೆ ಇವು ಬಂದು ತಲುಪಲ್ಲ, ನೀನು ಎಸ್ಕೇಪ್ ಮಾಡಿ ಕಳ್ಸು ಅಂತ, ಅಂದ್ರೆ ಕೇಳೋ ಕಡೆಯವನು ಹಾಕ್ಬೇಕಾದ್ದು, ಒಂದೇ ಕಡೆ ಹಾಕಿದ್ರೆ ಒಂದೇ ದಿಕ್ಕು ಸರಿ ಹೋಗುತ್ತೆ. ಆ ಕಡೆ ಬೋರ್ಡ್ ನಿಮ್ಮ ಕೈಲಿಲ್ಲ ಅಂದ್ರೆ ಕಳ್ಸೋ ಕಡೆ ಎಸ್ಕೇಪ್ 11,13 ಅಂತ ಹಾಕಿ. ಮೋಡೆಮ್ ಸೆಟ್ಟಿಂಗ್‌ನಲ್ಲೇ ಫ್ಲೋ ಕಂಟ್ರೋಲ್ ಆಫ್ ಮಾಡಿದ್ರೆ ಇನ್ನೂ ಒಳ್ಳೇದು, ನಮಗೆ ಅದರ ಪಾಸ್‌ವರ್ಡ್ ಕೊಟ್ಟಿರ್ಲಿಲ್ಲ, ಅದು ಬೇರೆ ಕಥೆ.

ಸೀರಿಯಲ್ ಪೋರ್ಟೇ ಇಲ್ಲದಾಗ

ಮನೆಯ ಫೈಬರ್ ಕನೆಕ್ಷನ್ ಪಿಪಿಪಿಒಇ (ಈಥರ್ನೆಟ್ ಮೇಲೆ ಪಿಪಿಪಿ) ಆಗಿದ್ರೆ ರೆಕಾರ್ಡ್ ಕೆಲಸ ಮಾಡಲ್ಲ, ಅಲ್ಲಿ ಬೈಟ್ ಸಾಲು ಅನ್ನೋದೇ ಇಲ್ಲ. ಆದ್ರೆ ಅದರಷ್ಟು ಸುಲಭ ಇನ್ನೊಂದಿಲ್ಲ, ಪಿಪಿಪಿ0 ಬಿಟ್ಟು ಅದರ ಕೆಳಗಿರೋ ಈಥರ್ನೆಟ್ ಇಂಟರ್‌ಫೇಸ್ ಮೇಲೆ ಹಿಡೀರಿ, ಮಾತುಕತೆ ಡೇಟಾ ಎಲ್ಲ ಒಂದೇ ಕಡೆ ಸಿಗುತ್ತೆ. ಫಿಲ್ಟರ್ ಪಿಪಿಪಿಒಇಡಿ ಅಂದ್ರೆ ಹುಡುಕಾಟದ ಫ್ರೇಮ್‌ಗಳು, ಪಿಪಿಪಿಒಇಎಸ್ ಅಂದ್ರೆ ಸೆಶನ್. ಟಿಸಿಪಿ ಪೋರ್ಟ್ 80 ಅಂತ ಮಾತ್ರ ಬರೆದ್ರೆ ಏನೂ ಸಿಗಲ್ಲ, ಪಿಪಿಪಿಒಇಎಸ್ ಆಂಡ್ ಟಿಸಿಪಿ ಪೋರ್ಟ್ 80 ಅಂತ ಬರೀಬೇಕು, ಮುಂದೆ ಆ ಪದ ಇದ್ರೇನೇ ಎಣಿಕೆ ಎಲ್ಲಿಂದ ಶುರು ಅಂತ ಅದಕ್ಕೆ ಗೊತ್ತಾಗೋದು. ಬರೀ ಎಲ್‌ಸಿಪಿ ಬೇಕಂದ್ರೆ ಈಥರ್[20:2] = 0ಎಕ್ಸ್‌ಸಿ021, ಈಥರ್ನೆಟ್ 14, ಪಿಪಿಪಿಒಇ 6, ಕೂಡಿದ್ರೆ 20. ವಿಲ್ಯಾನ್ ಟ್ಯಾಗ್ ಇದ್ರೆ 24. ಎಂಟಿಯು (ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರ್ಬೋದು ಅನ್ನೋ ಮಿತಿ) 1492 ಯಾಕೆ ಅನ್ನೋದೂ ಇದೇ ಲೆಕ್ಕ, 1500ರಲ್ಲಿ ಆ 6, ಪ್ರೋಟೋಕಾಲ್‌ಗೆ 2.

ಯುಎಸ್‌ಬಿ ಡಾಂಗಲ್ ಆದ್ರೆ ಯುಎಸ್‌ಬಿಮಾನ್ ಮಾಡ್ಯೂಲ್ ಲೋಡ್ ಮಾಡಿ ಟಿಸಿಪಿಡಂಪ್ -ಐ ಯುಎಸ್‌ಬಿಮಾನ್1 ಥರ ಹಿಡೀಬೋದು, ಪಿಪಿಪಿಡಿ ನಿಲ್ಲಿಸೋದೇ ಬೇಡ, ಬೈಟ್ ಬೈಟ್ ಕಾಣುತ್ತೆ. ಡಬ್ಲ್ಯೂವ್ಯಾನ್0 ಅಂತ ಬರೋ ಹೊಸ ಮೋಡೆಮ್‌ಗಳಲ್ಲಿ ಹೆಚ್ಚಿನವು ಪಿಪಿಪಿ ಮುಟ್ಟೋದೇ ಇಲ್ಲ, ಅಲ್ಲಿ ಎಲ್‌ಸಿಪಿ ಹುಡುಕ್ಬೇಡಿ.

ಕ್ಯಾಪ್ಚರ್ ಫೈಲ್ ಯಾರಿಗಾದ್ರೂ ಕಳ್ಸೋ ಮೊದಲು ಒಂದು ಸಲ ನೋಡಿ. ಪಿಪಿಪಿಡಿ ಲಾಗ್‌ನಲ್ಲಿ ಪಾಸ್‌ವರ್ಡ್ ಮುಚ್ಚಿರುತ್ತೆ, ಶೋ-ಪಾಸ್‌ವರ್ಡ್ ಹಾಕ್ದೇ ಇದ್ರೆ. ಆದ್ರೆ ರೆಕಾರ್ಡ್ ಫೈಲ್‌ನಲ್ಲಿ, ಪಿಪಿಪಿಒಇ ಕ್ಯಾಪ್ಚರ್‌ನಲ್ಲಿ ಯಾರೂ ಮುಚ್ಚಲ್ಲ. ಸಿ023 ಅಂತ ಹುಡುಕಿ, ಪ್ಯಾಪ್ ಇದ್ರೆ ಅದರ ಪಕ್ಕದಲ್ಲೇ ಯೂಸರ್ ಹೆಸರು, ಅದರ ಪಕ್ಕ ಪಾಸ್‌ವರ್ಡ್, ಅಕ್ಷರ ಅಕ್ಷರವಾಗಿ.